ಕೇಬಲಿನ ಕವಚ ಎಷ್ಟು ದಪ್ಪವಿರಬೇಕು?

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೊರಟ ವಿದ್ಯುತ್ತು ಕಂಬಗಳ ಮೇಲಿನ ಬರಿಯ ತಂತಿಗಳಲ್ಲಿ ಹರಿಯಿತು. ಸುತ್ತಣ ಗಾಳಿಯೇ ಅದಕ್ಕೆ ನಿರೋಧಕ. ಇಂದು ಬೆಂಗಳೂರಿನ ಬೀದಿಗಳ ಅಡಿಯಲ್ಲಿ 66 ಮತ್ತು 220 ಕಿಲೊವೋಲ್ಟಿನ ಕೇಬಲುಗಳನ್ನು ಹೂಳಿದ್ದಾರೆ. ಇಟಗಿ, ಗಜೇಂದ್ರಗಡಗಳ ಕಡೆಯ ವಿದ್ಯಾರ್ಥಿಗಳು ಕಾಣುವ ಗಾಳಿಯಂತ್ರಗಳ ಗೋಪುರದಿಂದಲೂ ವಿದ್ಯುತ್ತು ಇಳಿಯುವುದು ಕೇಬಲಿನಲ್ಲಿಯೇ. ಕೇಬಲಿನ ನಡುವಣ ವಾಹಕವನ್ನು ಎಲ್ಲರೂ ಬಲ್ಲರು. ನಿರೋಧಕದ ಮೇಲೆ ಸುತ್ತಿದ ತಾಮ್ರದ ಕವಚವನ್ನು ಕುರಿತು ವಿಚಾರಿಸುವವರು ವಿರಳ.

ನಿರೋಧಕವು ಭೇದಿಸಲ್ಪಟ್ಟಾಗ ಪ್ರವಾಹವು ಈ ಕವಚಕ್ಕೆ ನುಗ್ಗುತ್ತದೆ. ಇದೇ ಭೂದೋಷ. ಹೆಸರನ್ನು ಕೇಳಿದವರು ಪ್ರವಾಹವೆಲ್ಲ ಮಣ್ಣಿನಲ್ಲಿ ಇಂಗಿಹೋಗುವುದೆಂದು ಭಾವಿಸುವುದುಂಟು. ಹಾಗಲ್ಲ, ಅದು ತಾನು ಹೊರಟ ಕೇಂದ್ರಕ್ಕೇ ಹಿಂದಿರುಗಬೇಕು. ರೋಣದ ಸೀಮೆಯ ಎರೆನೆಲ ಬೇಸಗೆಯಲ್ಲಿ ಒಣಗಿ ಬಿರುಕುಬಿಟ್ಟಾಗ ಎಂತಹ ವಾಹಕವಾದೀತು? ಆದುದರಿಂದ ಹೊರೆಯ ಬಹುಪಾಲು ಕವಚದ ಮೇಲೆಯೇ ಬೀಳುತ್ತದೆ.

ಅಷ್ಟು ಅಲ್ಪಕಾಲದಲ್ಲಿ ಹುಟ್ಟಿದ ಉಷ್ಣಕ್ಕೆ ಹೊರಹೋಗಲು ಬಿಡುವೆಲ್ಲಿ? ಎಲ್ಲವೂ ತಾಮ್ರವನ್ನೇ ಕಾಯಿಸುತ್ತದೆ. ಜೂಲನ ನಿಯಮವೂ ತಾಮ್ರದ ವಿಶಿಷ್ಟೋಷ್ಣವೂ ತಿಳಿದಿದ್ದರೆ ಲೆಕ್ಕ ಸುಲಭ. 80 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದ ತಾಮ್ರ 250 ಡಿಗ್ರಿಯನ್ನು ಮೀರದಿರಬೇಕಾದರೆ, ಒಂದು ಸೆಕೆಂಡಿನ ಕಾಲ ಅದರ ಪ್ರತಿ ಚದರ ಮಿಲಿಮೀಟರು ಸುಮಾರು 149 ಆಂಪಿಯರನ್ನು ತಾಳಬಲ್ಲುದು. 25,000 ಆಂಪಿಯರಿಗೆ 168 ಚದರ ಮಿಲಿಮೀಟರು ಬೇಕು. ಈ ಅಳತೆ ಕಾಲದ ವರ್ಗಮೂಲವನ್ನು ಅನುಸರಿಸುವುದರಿಂದ 0.2 ಸೆಕೆಂಡಿಗೆ 75 ಸಾಕು.

ಈ 75ರ ಆಸೆಯನ್ನು ನಾವು ಒಪ್ಪಲಾರೆವು. ಮೊದಲನೆಯ ರಿಲೇ ಕೆಲಸಮಾಡಿದರಷ್ಟೆ 0.2 ಸೆಕೆಂಡಿನ ಮಾತು. ಅದು ತಪ್ಪಿ, ಅದರ ಹಿಂದಿನ ರಕ್ಷಕ ರಿಲೇ ಒಂದು ಸೆಕೆಂಡು ಕಾದರೆ? ಅದೇ ಲೆಕ್ಕದಂತೆ 75 ಚದರ ಮಿಲಿಮೀಟರಿನ ತಾಮ್ರ ಸುಮಾರು 0.66 ಸೆಕೆಂಡಿನಲ್ಲಿಯೇ ತನ್ನ ಕರಗುವ ಬಿಂದುವಾದ 1085 ಡಿಗ್ರಿಯನ್ನು ಮುಟ್ಟಿರುತ್ತದೆ. ಕವಚ ಕಡಿದರೆ ಮರಳುವ ದಾರಿಯೂ ಕಡಿಯಿತು. ಭೂಮಿಯೊಡನೆ ಸಂಬಂಧ ಕಳೆದುಕೊಂಡ ಲೋಹವನ್ನು ಮುಟ್ಟಿದವನ ಪ್ರಾಣಕ್ಕೇ ಅಪಾಯ. ಅಗೆದು ತೆಗೆಯಬೇಕಾದ ಕೇಬಲಿನ ಖರ್ಚು ಬೇರೆ. ಕವಚವನ್ನು ಅಳೆಯತಕ್ಕದ್ದು ಎರಡನೆಯ ರಿಲೇಯ ಕಾಲದಿಂದ.

ಕವಚ ದಪ್ಪವಾದಷ್ಟೂ ಎರಡು ತುದಿಗಳಲ್ಲಿ ಭೂಮಿಗೆ ಜೋಡಿಸಿದಾಗ ಅದರಲ್ಲಿ ನಿತ್ಯವೂ ಸುತ್ತುವ ಪ್ರೇರಿತ ಪ್ರವಾಹ ಹೆಚ್ಚುವುದೆಂಬ ಆಕ್ಷೇಪಣೆ ನಿಜವೇ. ಮೂರು ಕೇಬಲುಗಳ ಕವಚಗಳನ್ನು ನಡುನಡುವೆ ಅದಲುಬದಲಾಗಿ ಜೋಡಿಸಿ ಅದನ್ನು ತಗ್ಗಿಸಬಹುದು. ತಾಮ್ರವನ್ನು ಉಳಿಸಲೇಬೇಕೆಂದರೆ ಪ್ರವಾಹವನ್ನೇ ಇಳಿಸುವುದು ನೇರವಾದ ದಾರಿ. 33 ಕಿಲೊವೋಲ್ಟಿನ ಜಾಲದಲ್ಲಿ ತಟಸ್ಥ ಬಿಂದುವನ್ನು ರೋಧಕದ ಮೂಲಕ ಭೂಮಿಗೆ ಜೋಡಿಸಿ ಭೂದೋಷದ ಪ್ರವಾಹವನ್ನು 1000 ಆಂಪಿಯರಿಗೆ ಇಳಿಸಿದರೆ, ಒಂದು ಸೆಕೆಂಡಿಗೆ 7 ಚದರ ಮಿಲಿಮೀಟರು ಸಾಕು. ಆದರೆ 220 ಕಿಲೊವೋಲ್ಟಿನಲ್ಲಿ ಹೀಗೆ ಮಾಡಿದರೆ ನಿರೋಧಕದ ವೆಚ್ಚ ಕೈಮೀರುತ್ತದೆ. ಅಲ್ಲಿ ತಾಮ್ರವನ್ನೇ ತೆರಬೇಕು.