ಫಲಕವಿಲ್ಲದ ಬಯಲು ಸುಳ್ಳೇ?



ವಿಡಿಯೋ ಆಟಗಳಲ್ಲಿ ಜಾಹೀರಾತು ಇರಲಿ ಎನ್ನುವವರು ಒಂದು ಜಾಣ ವಾದವನ್ನು ಮುಂದಿಡುತ್ತಾರೆ. ಗೋಡೆಗಳ ಮೇಲೆ ಫಲಕಗಳಿದ್ದರೆ ಆಟದ ಊರು ನಿಜವಾದ ಊರಿನಂತೆ ಕಾಣುತ್ತದೆಯಂತೆ! ಈ ವಾದವನ್ನು ನಾನು ಒಪ್ಪಲಾರೆ.

2008ರ ಅಕ್ಟೋಬರ್‌ನಲ್ಲಿ ಬರಾಕ್ ಒಬಾಮ ಅವರ ಚುನಾವಣಾ ಪ್ರಚಾರದ ಫಲಕಗಳು ‘ಬರ್ನ್‌ಔಟ್ ಪ್ಯಾರಡೈಸ್’ ಎಂಬ ಕಾರು ಓಟದ ಆಟದಲ್ಲಿ ಕಾಣಿಸಿಕೊಂಡವು. ಊರು ಕಲ್ಪಿತ, ರಸ್ತೆ ಕಲ್ಪಿತ. ಮತ ಕೇಳುವವರು ಮಾತ್ರ ನಿಜ. ‘ಗ್ರ್ಯಾಂಡ್ ಥೆಫ್ಟ್ ಆಟೋ’ ಆಟದ ತಯಾರಕರು ಜಾಹೀರಾತನ್ನೇ ಗೇಲಿ ಮಾಡುವವರು. ಅವರೂ ‘ಸ್ಪ್ರಂಕ್’ ಎಂಬ ಇಲ್ಲದ ಪಾನೀಯದ ಫಲಕಗಳನ್ನು ತಮ್ಮ ನಗರಗಳಲ್ಲಿ ನೆಟ್ಟಿದ್ದಾರೆ. ಫಲಕವಿಲ್ಲದ ನಗರವನ್ನು ನಂಬಲಾರದಷ್ಟು ನಮ್ಮ ಕಣ್ಣು ಪಳಗಿಹೋಗಿದೆ.

ಕಣ್ಣು ಪಳಗಿದ್ದು ಎಲ್ಲಿ? ನಮ್ಮ ಊರುಗಳಲ್ಲಿಯೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಯಲ್ಲಿ ನಿಂತು ನೋಡಿರಿ. ನಾಯಕರ ಹುಟ್ಟುಹಬ್ಬ, ಜಾತ್ರೆಯ ಶುಭಾಶಯ, ಟ್ಯೂಶನ್ ಕ್ಲಾಸಿನ ಫಲಿತಾಂಶ, ಬಂಗಾರದ ಅಂಗಡಿ. ಈ ಫ್ಲೆಕ್ಸುಗಳ ನಡುವೆ ಆಕಾಶವನ್ನು ಹುಡುಕಬೇಕು. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಲ್ಲಿಯೇ ಕಾಯ್ದೆಯಾಯಿತು. ಆದರೂ ಬೆಂಗಳೂರಿನ ಫ್ಲೆಕ್ಸುಗಳು ಇಳಿಯಲು 2018ರ ಆಗಸ್ಟ್‌ನಲ್ಲಿ ಹೈಕೋರ್ಟು ಛೀಮಾರಿ ಹಾಕಬೇಕಾಯಿತು. ಕೇಳುವವರಿಲ್ಲದ ನಮ್ಮ ತಾಲೂಕುಗಳಲ್ಲಿ ಅವು ನಿಶ್ಚಿಂತೆಯಿಂದ ನಿಂತಿವೆ.

ರಸ್ತೆಯಲ್ಲಿರುವುದು ಆಟದಲ್ಲಿಯೂ ಇದ್ದರೆ ತಪ್ಪೇನು ಎಂದು ನೀವು ಕೇಳಬಹುದು. ರಸ್ತೆಯ ಫ್ಲೆಕ್ಸು ನಿಮ್ಮನ್ನು ನೋಡುವುದಿಲ್ಲ. ಅಂತರ್ಜಾಲದ ಮೂಲಕ ಆಟದೊಳಗೆ ಬರುವ ಫಲಕವು ತಾನು ಎಷ್ಟು ಹೊತ್ತು, ಎಷ್ಟು ದೊಡ್ಡದಾಗಿ ಕಂಡೆನೆಂಬ ಲೆಕ್ಕವನ್ನೂ ಇಡಬಲ್ಲದು. ಮಗು ಆಡುತ್ತಿರುತ್ತದೆ, ಅದರ ನೋಟ ಮಾರಾಟವಾಗುತ್ತಿರುತ್ತದೆ.

ಇದಕ್ಕಿಂತ ದೊಡ್ಡ ಹಾನಿ ಬಯಲಿಗೆ ಆಗಿದೆ. ಪಬ್‌ಜಿ ಆಟದ ‘ಎರಾಂಗೆಲ್’ ನಕ್ಷೆ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ, ಅಂದರೆ ಸುಮಾರು 15,800 ಎಕರೆ. ಅಷ್ಟನ್ನು ಅಂಗೈಯಲ್ಲಿ ಹಿಡಿದ ಹುಡುಗನಿಗೆ ಡೋಣಿ ದಂಡೆಯ ಎರೆಭೂಮಿ ಏನೂ ಇಲ್ಲದ ಜಾಗವೆನಿಸುತ್ತದೆ. ಏನೂ ಇಲ್ಲವೆ? ಹಿಂಗಾರಿಯ ಬಿಳಿಜೋಳವಿದೆ, ಕಡಲೆಯಿದೆ, ಬೇಸಿಗೆಯಲ್ಲಿ ಬಾಯಿ ಬಿಡುವ ನೆಲವಿದೆ. ಅಲ್ಲಿ ಬಿದ್ದರೆ ಮೊಣಕಾಲು ತರಚುತ್ತದೆ. ಅದು ಯಾರಿಗೂ ಏನನ್ನೂ ಮಾರುವುದಿಲ್ಲ. ಮಾರುವುದಿಲ್ಲವೆಂದೇ ಅದನ್ನು ಖಾಲಿ ಎನ್ನುತ್ತೇವೆ.

ಆಟವನ್ನು ನಿಷೇಧಿಸಿರೆಂದು ನಾನು ಹೇಳುತ್ತಿಲ್ಲ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಕ್ಕೊಳಗಾಯಿತು. 2021ರಲ್ಲಿ ಬೇರೆ ಹೆಸರು ಹೊತ್ತು ಮರಳಿತು. ನಿಷೇಧದಿಂದ ಅಭಿರುಚಿ ಹುಟ್ಟುವುದಿಲ್ಲ. ನಿಮ್ಮಲ್ಲಿ ಶಾಲೆಯ ಆಡಳಿತ ಮಂಡಳಿಯಲ್ಲಿರುವವರೂ ಪುರಸಭೆಯಲ್ಲಿ ಮಾತು ನಡೆಯುವವರೂ ಇದ್ದೀರಿ. ಶಾಲೆಯ ಮೈದಾನದ ಸುತ್ತ ಒಂದು ಫಲಕವೂ ಬೇಡವೆಂದು ಮೊದಲು ನಿಶ್ಚಯಿಸಿರಿ. ನಿಮ್ಮ ಹೆಸರಿನ ಶುಭಾಶಯದ ಫ್ಲೆಕ್ಸನ್ನು ನೀವೇ ಬೇಡವೆನ್ನಿರಿ. ಅಷ್ಟು ಮಾಡಿದರೆ ನಿಮಗೆ ಕಲಿಸಿದ ಶ್ರಮ ಸಾರ್ಥಕವೆಂದು ತಿಳಿಯುತ್ತೇನೆ.