ಹಳ್ಳಿಯ ಹಳೆಮನೆಗಳ ಅಳಿವು–ಉಳಿವು

ಕೋಟೆಗಳನ್ನೂ ದೇವಾಲಯಗಳನ್ನೂ ರಕ್ಷಿಸಬೇಕೆಂಬುದನ್ನು ಒಪ್ಪದವರಿಲ್ಲ. ಆದರೆ ಸಾಮಾನ್ಯ ರೈತನು ಬಾಳಿ ಹೋದ ಮನೆಯನ್ನೂ ರಕ್ಷಿಸಬೇಕೆ? ಇಂಗ್ಲೆಂಡಿನ ಒಂದು ಉದಾಹರಣೆಯು ಈ ವಿಷಯದಲ್ಲಿ ವಿಚಾರಾರ್ಹವಾಗಿದೆ.

ಕೆಂಟ್ ಪ್ರಾಂತದ ಚಿಡಿಂಗ್‌ಸ್ಟೋನ್ ಬಳಿ 'ಬೇಲೀಫ್' ಎಂಬ ರೈತನ ಮನೆಯೊಂದಿತ್ತು. 15ನೆಯ ಶತಮಾನದ ಆದಿಭಾಗದಲ್ಲಿ ಓಕ್ ಮರದ ಚೌಕಟ್ಟಿನಿಂದ ಕಟ್ಟಿದುದು. ನಡುವೆ ಮಾಡಿನವರೆಗೂ ತೆರೆದ ಪಡಸಾಲೆ. ಅದರ ನೆಲದ ಮೇಲೆಯೇ ಒಲೆ. ಹೊಗೆಗೂಡಿಲ್ಲ, ಕಿಟಕಿಗಳಿಗೆ ಗಾಜಿಲ್ಲ. ಬೌ ಬೀಚ್ ಜಲಾಶಯದ ನಿರ್ಮಾಣಕ್ಕಾಗಿ ಆ ಮನೆಯನ್ನು ತೆರವುಮಾಡಬೇಕಾಯಿತು. ನೀರೂ ಬೇಕು, ಮನೆಯೂ ಬೇಕು. 1968–69ರಲ್ಲಿ ಅದನ್ನು ಜಾಗರೂಕತೆಯಿಂದ ಕಳಚಿ, ಅನಂತರ ಸಸೆಕ್ಸಿನ ಸಿಂಗಲ್‌ಟನ್ನಿನಲ್ಲಿರುವ ಬಯಲು ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಪುನಃ ನಿಲ್ಲಿಸಲಾಯಿತು. ಇಂದು ಜನರು ಅದರೊಳಗೆ ನಡೆದಾಡಿ, ಶತಮಾನಗಳ ಹಿಂದಿನ ರೈತನ ಬಾಳ್ವೆಯನ್ನು ಕಣ್ಣಾರೆ ಕಾಣುತ್ತಾರೆ.

ಆದರೂ ಸ್ಥಳಾಂತರವು ಕೊನೆಯ ಉಪಾಯವೇ ಸರಿ. ಹೊಲ, ಬಾವಿ, ನೆರೆಹೊರೆಗಳು ಮನೆಯೊಡನೆ ಬರಲಾರವು. ಅಲ್ಲಿನ ಇಂತಹ ಅನೇಕ ಮನೆಗಳು ಸ್ವಸ್ಥಾನದಲ್ಲಿಯೇ ಉಳಿದುದಕ್ಕೆ ಬೇರೆಯೇ ಕಾರಣವಿದೆ. 16ನೆಯ ಶತಮಾನದಿಂದೀಚೆಗೆ ಒಡೆಯರು ಅವಕ್ಕೆ ಹೊಗೆಗೂಡನ್ನೂ ಮೇಲಂತಸ್ತನ್ನೂ ಸೇರಿಸಿದರು. ವಾಸ ತಪ್ಪಲಿಲ್ಲವಾದುದರಿಂದ ಮನೆ ಬಾಳಿತು.

ನಮ್ಮಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ನೂರು ವರ್ಷ ದಾಟಿದ ಕಟ್ಟಡಗಳಿಗೆ ರಕ್ಷಣೆಯೀಯಬಲ್ಲುದು. ಆದರೆ ಅದರ ದೃಷ್ಟಿ ಹಳ್ಳಿಯ ಮನೆಗಳತ್ತ ಹರಿಯುವುದು ವಿರಳ. ಮಣಿಪಾಲದಲ್ಲಿ ದಿವಂಗತ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ತಂದು ಮರಳಿ ಕಟ್ಟಿಸಿದ ಸಾಹಸವು ಸ್ತುತ್ಯರ್ಹವಾದುದು. ಅವರು ಬ್ಯಾಂಕಿನ ನೌಕರರಾಗಿದ್ದವರೆಂಬುದನ್ನು ನಮ್ಮ ಗುಮಾಸ್ತ ಬಂಧುಗಳು ಗಮನಿಸಬೇಕು. ಆದರೆ ಎಲ್ಲ ಮನೆಗಳನ್ನೂ ಮಣಿಪಾಲಕ್ಕೆ ಒಯ್ಯಲಾಗದು.

ನಮ್ಮ ಊರಮನೆಗಳು ಬೇಲೀಫಿನಷ್ಟು ಪ್ರಾಚೀನವಲ್ಲದಿರಬಹುದು. ಅವುಗಳ ಗಂಡಾಂತರ ಮಾತ್ರ ಅದಕ್ಕಿಂತಲೂ ಸಮೀಪವಾಗಿದೆ. ಅವುಗಳನ್ನು ಕೆಡಹುವುದು ಜಲಾಶಯವಲ್ಲ, ಪಾಲುಪಟ್ಟಿ ಮತ್ತು ಬೀಗ. ಒಡೆದ ಒಂದು ಹಂಚನ್ನು ಬದಲಿಸುವವರಿಲ್ಲದಿದ್ದರೆ ಕೆಲವೇ ಮಳೆಗಾಲಗಳಲ್ಲಿ ಪಕ್ಕಾಸು ಕೊಳೆತು ಮಣ್ಣಿನ ಗೋಡೆ ಕರಗುತ್ತದೆ. ಆಮೇಲೆ ಮುಂಬಯಿಗೋ ಪುಣೆಗೋ ಕಾಗದ ಬರುತ್ತದೆ: ಕಂಬ, ತೊಲೆಗಳಿಗೆ ಗಿರಾಕಿ ಬಂದಿದ್ದಾನೆ, ರುಜು ಕಳುಹಿಸು.

ಎಲ್ಲ ಮನೆಗಳನ್ನೂ ಉಳಿಸುವುದು ಅಸಾಧ್ಯ. ದುಡಿದು ಉಣ್ಣುವವನಿಗೆ ಆ ಭಾರವನ್ನು ಹೊರಿಸುವುದು ನ್ಯಾಯವೂ ಅಲ್ಲ. ಆದರೆ ಪಾಲುಗಾರರೆಲ್ಲರೂ ಕೂಡಿ ವರ್ಷಕ್ಕೊಮ್ಮೆ ಮಾಡನ್ನು ದುರಸ್ತಿ ಮಾಡಿಸಬಹುದು, ವಾಸಕ್ಕೊಬ್ಬರನ್ನು ಇರಿಸಬಹುದು. ಕೆಡಹುವುದು ಅನಿವಾರ್ಯವಾದರೆ, ಮೊದಲು ಅದರ ಅಳತೆಯನ್ನೂ ಛಾಯಾಚಿತ್ರಗಳನ್ನೂ ತೆಗೆದಿಡಬಹುದು. ರುಜು ಹಾಕುವ ಮುನ್ನ ಇಷ್ಟನ್ನಾದರೂ ವಿಚಾರಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ.