ಹವಾನಾದ ಬಾಲ್ಕನಿ ಮತ್ತು ಟೂರಿಸ್ಟರ ಸೆಲ್ಫಿ

ಕ್ಯೂಬಾದ ರಾಜಧಾನಿ ಹವಾನಾದ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಗುಲಾಬಿ ಬಣ್ಣದ ಹಳೇ ಕಾರು, ಬಣ್ಣ ಕಿತ್ತುಬಂದ ಗೋಡೆ, ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ, ಕೊನೆಗೆ ಮಲೆಕಾನ್ ಎಂಬ ಸಮುದ್ರದ ದಂಡೆಯ ರಸ್ತೆಯಲ್ಲಿ ಸೂರ್ಯಾಸ್ತ. ಜೊತೆಗೆ ಒಂದು ಡೈಲಾಗ್ ಗ್ಯಾರಂಟಿ: "ಇಲ್ಲಿ ಕಾಲವೇ ನಿಂತುಬಿಟ್ಟಿದೆ ಗೆಳೆಯರೇ!" ನಮ್ಮ ತಕರಾರು ಇರುವುದೇ ಈ ಡೈಲಾಗಿನ ಮೇಲೆ. ಕಾಲ ಅಲ್ಲೂ ಓಡುತ್ತಲೇ ಇದೆ. ಬರದೇ ನಿಂತಿದ್ದು ಬಿಡಿಭಾಗ, ಸಿಮೆಂಟು, ಕರೆಂಟು.

ನಾವ್ಯಾರೂ ಹವಾನಾಕ್ಕೆ ಹೋಗಿ ಬಂದವರಲ್ಲ. ಆ ಟಿಕೆಟಿನ ದುಡ್ಡಲ್ಲಿ ಒಂದು ಜೊತೆ ಒಳ್ಳೇ ಎತ್ತು ಬರುತ್ತವೆ. ಆದರೆ ಒಂದು ಊರನ್ನು ಟೂರಿಸ್ಟರು ಹೇಗೆ ನೋಡುತ್ತಾರೆ ಅನ್ನುವುದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ.

ಮೊದಲು ಕಾರಿನ ವಿಷಯ. 1959ರಲ್ಲಿ ಫಿಡೆಲ್ ಕ್ಯಾಸ್ಟ್ರೊ ನಾಯಕತ್ವದ ಕ್ರಾಂತಿ ಗೆದ್ದಿತು. 1962ರಲ್ಲಿ ಅಮೆರಿಕ ಪೂರ್ತಿ ವ್ಯಾಪಾರ ನಿರ್ಬಂಧ ಹಾಕಿತು. ಅಲ್ಲಿಗೆ ಶೆವರ್ಲೆ, ಬ್ಯೂಕ್, ಫೋರ್ಡ್ ಕಾರುಗಳೂ ಬರಲಿಲ್ಲ, ಅವುಗಳ ನಟ್ಟು-ಬೋಲ್ಟೂ ಬರಲಿಲ್ಲ. ಇದ್ದ ಕಾರುಗಳನ್ನೇ ಓಡಿಸಬೇಕಾಯಿತು. ಹಾಗಾಗಿ ಹೊರಗೆ ಮಿರಮಿರ ಮಿಂಚುವ ಶೆವರ್ಲೆಯ ಬಾನೆಟ್ ಎತ್ತಿದರೆ ಒಳಗೆ ರಷ್ಯಾದ್ದೋ ಜಪಾನಿನದೋ ಎಂಜಿನ್ ಕೂತಿರುತ್ತದೆ. ಸಿಗದ ಭಾಗವನ್ನು ಅಲ್ಲಿನ ಮೆಕ್ಯಾನಿಕ್‌ಗಳು ಲೇತ್‌ನಲ್ಲಿ ತಾವೇ ಕಡೆದುಕೊಳ್ಳುತ್ತಾರೆ. ನಮ್ಮ ಕಡೆ ಪಂಪ್‌ಸೆಟ್ ರಿಪೇರಿ ಮಾಡುವವರನ್ನು ಕರೆದುಕೊಂಡು ಹೋಗಿ ಬಿಟ್ಟರೆ ಮೂರೇ ದಿನದಲ್ಲಿ ಅವರೊಟ್ಟಿಗೆ ಭಾಷೆ ಇಲ್ಲದೆಯೇ ದೋಸ್ತಿ ಮಾಡಿಕೊಂಡಾರು. ಆ ಕಾರನ್ನು "ವಿಂಟೇಜ್" ಅಂತ ಕರೆದು ಫೋಟೊ ತೆಗೆಯುವವರು ಈ ಕೈಕೆಲಸದ ಬಗ್ಗೆ ಒಂದು ಮಾತೂ ಆಡುವುದಿಲ್ಲ, ಅದೇ ನಮಗೆ ಬೇಜಾರು. ಇನ್ನೊಂದು ವಿಷಯ: ಟೂರಿಸ್ಟರು ಕೊಡುವ ಡಾಲರ್, ಯೂರೋದ ಮುಂದೆ ಸರ್ಕಾರಿ ಡಾಕ್ಟರ ಸಂಬಳ ಏನೇನೂ ಅಲ್ಲ. ಓದಿದವರು ಟ್ಯಾಕ್ಸಿ ಓಡಿಸುವುದು ಅಲ್ಲಿ ಮಾಮೂಲಿ.

ಇನ್ನು ಗೋಡೆಗಳು. ಈ ಬಂದರಿನ ದಂಡೆಯಲ್ಲಿ ಹವಾನಾ ನೆಲೆಯೂರಿದ್ದು 1519ರಲ್ಲಿ. ಅಮೆರಿಕ ಖಂಡದ ಬೆಳ್ಳಿ-ಬಂಗಾರ ಹೊತ್ತ ಸ್ಪೇನಿನ ಹಡಗುಗಳು ಇಲ್ಲೇ ಒಟ್ಟುಸೇರಿ ಊರಿಗೆ ಹೊರಡುತ್ತಿದ್ದವು. ಅದಕ್ಕೇ ಅಷ್ಟೊಂದು ಕೋಟೆಗಳು. 1762ರಲ್ಲಿ ಬ್ರಿಟಿಷರು ಊರನ್ನು ಹಿಡಿದರು, ಮರುವರ್ಷ ಫ್ಲೋರಿಡಾ ತಗೊಂಡು ವಾಪಸ್ ಕೊಟ್ಟರು. ಆಮೇಲೆ ಎದ್ದ ಎಷ್ಟೋ ಅರಮನೆಗಳ ಹಿಂದಿರುವುದು ಸಕ್ಕರೆ. ಆ ಕಬ್ಬು ಕಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಕ್ಯೂಬಾದಲ್ಲಿ ಗುಲಾಮಗಿರಿ ಮುಗಿದದ್ದು 1886ರಲ್ಲಿ, ಅಂದರೆ ತೀರಾ ಹಳೇ ಕಥೆಯೇನಲ್ಲ.

ಕ್ರಾಂತಿಯ ನಂತರ ಬಾಡಿಗೆದಾರರಿಗೇ ಮನೆ ಸಿಕ್ಕಿತು. ಒಳ್ಳೆಯದೇ. ಆದರೆ ಒಬ್ಬ ಸಾಹುಕಾರನ ಮನೆಯಲ್ಲಿ ಹತ್ತಾರು ಸಂಸಾರ ಸೇರಿಕೊಂಡವು, ಎತ್ತರದ ಛಾವಣಿಯ ಕೆಳಗೆ ಮರದ ಅಟ್ಟ ಕಟ್ಟಿ ಒಂದು ಕೋಣೆಯನ್ನು ಎರಡು ಮಾಡಿಕೊಂಡವು. ರಿಪೇರಿಗೆ ಸಾಮಾನಿಲ್ಲ, ಜೊತೆಗೆ ಉಪ್ಪುಗಾಳಿ. ಜೋರು ಮಳೆ ಬಂದಾಗ ಅಲ್ಲಿ ಮನೆಗಳು ಕುಸಿಯುತ್ತವೆ, ಜನ ಸಾಯುತ್ತಾರೆ. ಟೂರಿಸ್ಟರು ಕೆಳಗೆ ನಿಂತು ಸೆಲ್ಫಿ ತೆಗೆಯುವ ಬಾಲ್ಕನಿಯಲ್ಲೇ ಮೇಲಿನ ಮನೆಯವರು ಭಯದಿಂದ ಕಾಲಿಡುತ್ತಿರಬಹುದು.

ಉಳಿಸುವ ಪ್ರಯತ್ನ ನಡೆದಿಲ್ಲ ಅಂತಲ್ಲ. ಹಳೇ ಹವಾನಾ 1982ರಲ್ಲೇ ಯುನೆಸ್ಕೊ ಪಟ್ಟಿ ಸೇರಿತು, ನಮ್ಮ ಹಂಪಿಗಿಂತ ನಾಲ್ಕು ವರ್ಷ ಮೊದಲು. ಸೋವಿಯತ್ ಒಕ್ಕೂಟ ಬಿದ್ದು ಸರ್ಕಾರದ ಕೈ ಬರಿದಾದಾಗ, ಹವಾನಾದ ಇತಿಹಾಸಕಾರ ಎಂಬ ಹುದ್ದೆಯಲ್ಲಿದ್ದ ಯುಸೆಬಿಯೊ ಲಿಯಾಲ್ ಒಂದು ದಾರಿ ಹುಡುಕಿದರು. ಅವರ ಕಚೇರಿಯೇ ಹೋಟೆಲು, ರೆಸ್ಟೊರೆಂಟು ನಡೆಸಿತು. ಬಂದ ಲಾಭದಲ್ಲಿ ಚೌಕಗಳನ್ನು, ಮನೆಗಳನ್ನು ದುರಸ್ತಿ ಮಾಡಿತು. ಹಳೇ ಮಠವೊಂದರಲ್ಲಿ ಮುದುಕರಿಗೆ ಆಸರೆಯನ್ನೂ ಮಾಡಿತು. ಟೂರಿಸ್ಟರ ದುಡ್ಡು ಅದೇ ಬೀದಿಗೆ ವಾಪಸ್ ಬರುವ ಲೆಕ್ಕ ಇದು. ನಮ್ಮ ಕಣ್ಣಿಗೆ ಹವಾನಾದಲ್ಲಿ ನೋಡಲೇಬೇಕಾದ್ದು ಇದೇ. ಕೆಲವು ಸಂಸಾರಗಳನ್ನು ಊರಾಚೆ ಕಳಿಸಿದ್ದೂ ನಿಜ. 2011ರಲ್ಲಿ ಹಂಪಿ ಬಜಾರಿಗೆ ಬುಲ್ಡೋಜರ್ ಬಂದದ್ದನ್ನು ಮರೆಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2016ರಲ್ಲಿ ಆ ಹೋಟೆಲುಗಳು ಸೈನ್ಯದ ಕಂಪನಿಗಳ ಕೈಗೆ ಹೋದವು. 2020ರಲ್ಲಿ ಲಿಯಾಲ್ ತೀರಿಕೊಂಡರು.

ಈಗ ಅಲ್ಲಿ 40ಕ್ಕೂ ಹೆಚ್ಚು ಅಂತಸ್ತಿನ ಹೊಸ ಹೋಟೆಲ್ ಎದ್ದು ನಿಂತಿದೆ. 2024ರ ಅಕ್ಟೋಬರಿನಲ್ಲಿ ಮಾತ್ರ ಇಡೀ ದೇಶದ ಕರೆಂಟೇ ಹೋಗಿತ್ತು. ಆಮೇಲೂ ಮತ್ತೆ ಮತ್ತೆ ಹೋಯಿತು. ತ್ರೀಫೇಸ್ ಕರೆಂಟಿಗೆ ರಾತ್ರಿ ಕಾಯುವ ನಮಗೆ ಕತ್ತಲು ಅಂದರೇನು ಗೊತ್ತು. ಫ್ರಿಜ್ಜಿನಲ್ಲಿಟ್ಟ ವಾರದ ಮಾಂಸ ಕೆಟ್ಟುಹೋಗುವುದೂ ಅದರಲ್ಲಿ ಸೇರಿದೆ.

ಹಾಗಾದರೆ ಹೋಗಲೇಬಾರದಾ? "ದುಡ್ಡೆಲ್ಲ ಸೈನ್ಯಕ್ಕೆ ಹೋಗುತ್ತೆ, ಹೋಗಬೇಡಿ" ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಟೂರಿಸ್ಟರು ಬರದಿದ್ದರೆ ಮೊದಲು ಒಲೆ ಆರುವುದು ಕೋಣೆ ಬಾಡಿಗೆಗೆ ಕೊಡುವ ಹೆಂಗಸಿನ ಮನೆಯಲ್ಲಿ. 1997ರಿಂದ ಅಲ್ಲಿ ಜನ ತಮ್ಮ ಮನೆಯ ಕೋಣೆಗಳನ್ನು ಕಾನೂನುಬದ್ಧವಾಗಿ ಬಾಡಿಗೆಗೆ ಕೊಡಬಹುದು. ಅಂಥ ಮನೆಯಲ್ಲೇ ಉಳಿಯಿರಿ, ದುಡ್ಡು ಅವರ ಕೈಗೇ ಕೊಡಿ. ಬ್ಯಾಗಿನಲ್ಲಿ ಜ್ವರದ ಮಾತ್ರೆ, ಸೋಪು ಹೆಚ್ಚಿಗೆ ಇರಲಿ, ಅಲ್ಲಿ ಅವಕ್ಕೂ ಬರ. ಕೇಳದೇ ಯಾರ ಮನೆಯ ಬಾಗಿಲಿಗೂ ಕ್ಯಾಮೆರಾ ಹಿಡಿಯಬೇಡಿ. ದಿನಾ ರಾತ್ರಿ 9ಕ್ಕೆ ಲಾ ಕಬಾನಿಯಾ ಕೋಟೆಯಲ್ಲಿ ತೋಪು ಹಾರಿಸುತ್ತಾರೆ, ಹಿಂದೆ ಊರಬಾಗಿಲು ಮುಚ್ಚುವ ಸೂಚನೆ ಅದು. ಖಂಡಿತ ನೋಡಿ, ವಿಡಿಯೊ ಮಾಡಿ.

ನಮ್ಮ ಊರುಗಳಿಂದ ಹೋಗಿ ಹೊರದೇಶದಲ್ಲಿ ದುಡಿಯುವವರು ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ. ಯಾವತ್ತಾದರೂ ಅಲ್ಲಿಗೆ ಹೋದರೆ, ಆ ಬಾಲ್ಕನಿಯ ಹಿಂದಿನ ಮನೆಯವರು ಸರಿ ಅಂದರೆ, ಇವತ್ತು ಎಷ್ಟು ಗಂಟೆ ಕರೆಂಟಿತ್ತು, ನೀರು ಯಾವಾಗ ಬಂತು ಅಂತ ಕೇಳಿ ಎರಡು ನಿಮಿಷದ ವಿಡಿಯೊ ಮಾಡಿ ನಮಗೆ ಕಳಿಸಿ.